ಅಮೋಘಸಿದ್ದ ಕೂತು ಉಂಡ ದಿನ

ಅಮೋಘಸಿದ್ದ ಊರೊಳಗೆ ಕಾಲಿಟ್ಟರೆ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದವರು ಎದ್ದು ನಿಲ್ಲುತ್ತಿದ್ದರು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಅವನ ಕಾಲುಗಳದ್ದು.

ಅಫಜಲಪುರದ ಸುತ್ತಲಿನ ಹಳ್ಳಿಗಳಲ್ಲಿ ಆಗ ಫೋನು ಎಂಬುದು ದೊಡ್ಡ ಊರಿನ ಪೋಸ್ಟಾಫೀಸಿನಲ್ಲಿ ಒಂದು ಇದ್ದರೆ ಇತ್ತು. ಅದೂ ಮಳೆ ಬಂದರೆ ಮೌನವ್ರತ ಹಿಡಿಯುತ್ತಿತ್ತು. ಯಾರಾದರೂ ತೀರಿಕೊಂಡರೆ ಸಂಜೆಯೊಳಗೆ ಮಣ್ಣಾಗಬೇಕು, ಅಷ್ಟರೊಳಗೆ ಬೀಗರು, ಅಕ್ಕತಂಗಿಯರು ಬಂದು ಮುಖ ನೋಡಬೇಕು. ಸುದ್ದಿ ಮುಟ್ಟಿಸಲು ಒಬ್ಬ ಮನುಷ್ಯನೇ ಹೋಗಬೇಕು. ಅಮೋಘಸಿದ್ದ ಕುರಿ ಕಾಯುವವನು. ಇಪ್ಪತ್ತೈದರ ಹರೆಯದಲ್ಲಿ ಊರಿನ ಹಿರಿಯರು ಒಮ್ಮೆ ಅವನನ್ನು ಆರು ಹರದಾರಿ ದೂರದ ಊರಿಗೆ ಓಡಿಸಿದರು. ನಸುಕಿನಲ್ಲಿ ಹೊರಟವನು ಬಿಸಿಲೇರುವುದರೊಳಗೆ ಸುದ್ದಿ ಮುಟ್ಟಿಸಿದ. ಅಷ್ಟೇ ಆದದ್ದು. ಒಮ್ಮೆ ಚೆನ್ನಾಗಿ ಮಾಡಿದ ಕೆಲಸ ಜನ್ಮಕ್ಕೆ ಅಂಟಿಕೊಳ್ಳುತ್ತದೆ. ಜಾಣರು ಅದಕ್ಕೇ ಮೊದಲ ಸಲವೇ ಕೆಡಿಸಿಬಿಡುತ್ತಾರೆ.

ಸಾವಿನ ಸುದ್ದಿ ಒಯ್ಯುವುದಕ್ಕೆ ನಮ್ಮ ಕಡೆ ಒಂದು ರೀತಿ ಇದೆ. ಒಯ್ದವನು ಹೊಸ್ತಿಲ ಆಚೆಯೇ ನಿಲ್ಲಬೇಕು. ಕೂರಬಾರದು. ಆ ಮನೆಯ ನೀರನ್ನೂ ಮುಟ್ಟಬಾರದು. ‘ಸತ್ತರು’ ಎಂಬ ಮಾತು ಬಾಯಿಗೆ ಬರಲೇಬಾರದು. “ಏನಿಲ್ರಿ, ಜರಾ ಆರಾಮಿಲ್ಲ, ಬಂದ್ ಹೋಗ್ಬೇಕಂತ” ಎಂದು ನೆಲ ನೋಡುತ್ತ ಹೇಳಿ ಬಂದ ಕಾಲಲ್ಲೇ ತಿರುಗಬೇಕು. ಉಳಿದದ್ದು ಕೇಳಿದವರಿಗೆ ಗೊತ್ತಾಗುತ್ತದೆ. ಅಮೋಘಸಿದ್ದ ಹಿರೋಳ್ಳಿ ಕಂಡಿದ್ದ, ಭೂಸನೂರು ಕಂಡಿದ್ದ, ಜೇವರ್ಗಿ ಕಂಡಿದ್ದ. ಇಪ್ಪತ್ತು ವರ್ಷ ಅಷ್ಟು ಊರು ತಿರುಗಿದವನು ಒಂದು ಊರಲ್ಲೂ ಒಂದು ತುತ್ತು ತಿಂದಿರಲಿಲ್ಲ.

ನಾನು ಅವನ ಊರಿನ ಶಾಲೆಗೆ ಮಾಸ್ತರನಾಗಿ ಬಂದದ್ದು ಎಂಬತ್ತೊಂದರಲ್ಲಿ. ನನ್ನದು ಹಿರೋಳ್ಳಿ, ಹೆಸರು ಗುರಣ್ಣ, ಸಿಟ್ಟು ಮೂಗಿನ ತುದಿಯಲ್ಲಿ. ಅಮೋಘಸಿದ್ದ ಬೀದಿಯಲ್ಲಿ ಹೊರಟರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುವುದನ್ನು ಕಂಡು ನಾನು ಜಗಳಕ್ಕೇ ನಿಂತಿದ್ದೆ. “ಸುದ್ದಿ ಹೇಳಿದವನೇನು ಸಾಯಿಸ್ತಾನಾ?” ಎಂದು ಕೂಗಾಡಿದೆ. “ಖರೆ ಅದ್ರಿ ಮಾಸ್ತರ” ಎಂದು ಎಲ್ಲರೂ ತಲೆಯಾಡಿಸಿದರು, ಆಮೇಲೆ ಬಾಗಿಲು ಹಾಕಿಕೊಂಡರು.

ಅವನನ್ನು ನಿಜವಾಗಿ ನೋಯಿಸಿದ್ದು ಊರಲ್ಲ, ಮಗಳು. ಕಾಶಿಬಾಯಿಯನ್ನು ಘತ್ತರಗಿಗೆ ಕೊಟ್ಟಿದ್ದರು. ಎಂಬತ್ತನಾಲ್ಕರಲ್ಲಿ ಒಂದು ದಿನ, ಯಾರೂ ಸಾಯದೆ, ಬರೀ ಮಗಳ ಮುಖ ನೋಡಬೇಕೆಂದು ಅವನು ಹೊರಟ. ಹೆಂಡತಿ ನಿಂಬೆವ್ವ ಶೇಂಗಾ ಹುರಿದು ಕಟ್ಟಿಕೊಟ್ಟಿದ್ದಳು. ಕಾಶಿಬಾಯಿ ಭೀಮಾ ನದಿಯಿಂದ ನೀರು ಹೊತ್ತು ಬರುತ್ತಿದ್ದವಳು ಅಪ್ಪನನ್ನು ಕಂಡಳು. ತಲೆಯ ಮೇಲಿನ ಕೊಡ ನೆಲಕ್ಕೆ ಬಿತ್ತು.

“ಯಾರಪ್ಪಾ? ಅವ್ವನಾ?”

“ಏನಿಲ್ಲ ಬೇ ತಂಗಿ, ಏನಿಲ್ಲ” ಎಂದ ಅವನು. ವರ್ಷಾನುಗಟ್ಟಲೆ ಹೇಳಿ ಹೇಳಿ ಸವೆದ ಮಾತು ಅದೊಂದೇ ಅವನ ನಾಲಿಗೆಯ ಮೇಲಿದ್ದದ್ದು. ಕಾಶಿಬಾಯಿ ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು. ಬೀಗರು ಕೂಡಿದರು, ಬಸ್ಸು ಹತ್ತಿದರು, ಅಳುತ್ತಲೇ ನಮ್ಮೂರಿಗೆ ಬಂದಿಳಿದರು. ನಿಂಬೆವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಗಾಬರಿಯಿಂದ ಕೇಳಿದಳು: “ಯಾರ್ ಹೋದ್ರವ್ವಾ?”

ಈ ಕತೆ ಹೇಳಿ ಊರೆಲ್ಲ ನಗುತ್ತಿತ್ತು, ನಾನೂ ನಕ್ಕಿದ್ದೇನೆ. ಅಮೋಘಸಿದ್ದ ನಗಲಿಲ್ಲ. ಅಂದಿನಿಂದ ಅವನು ಘತ್ತರಗಿಯ ದಾರಿ ಹಿಡಿಯಲೇ ಇಲ್ಲ.

ಹೀಗಿರುವಾಗ ಎಂಬತ್ತಾರರ ಜನವರಿಯಲ್ಲಿ ಶರಫುದ್ದೀನ ಮಾಸ್ತರಿಗೆ ಮ್ಯಾರಥಾನಿನ ಹುಚ್ಚು ಹಿಡಿಯಿತು. ಅವರು ಅಫಜಲಪುರದಲ್ಲಿ ಪಿ.ಟಿ. ಮಾಸ್ತರು. ಕೊರಳಲ್ಲಿ ಸೀಟಿ ಇಲ್ಲದೆ ಅವರು ನಿದ್ದೆಯನ್ನೂ ಮಾಡುತ್ತಿರಲಿಲ್ಲವೆಂದು ನಮ್ಮ ಅನುಮಾನ. ಜನವರಿ ಇಪ್ಪತ್ತಾರು ರವಿವಾರ, ಧ್ವಜ ಹಾರಿಸಿದ ಮೇಲೆ ಅಫಜಲಪುರದಿಂದ ಘತ್ತರಗಿಯ ಭಾಗ್ಯವಂತಿ ಗುಡಿಯವರೆಗೆ ಓಟ. ನಿಜವಾದ ಮ್ಯಾರಥಾನಿನಷ್ಟು ದೂರ ಅದು ಇರಲಿಲ್ಲ, ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲ ಮೂವರಿಗೆ ಬಾಜಾದವರಿಂದ ಸ್ವಾಗತ, ಸನಾದಿ ಊದಿಸಿಕೊಂಡು ಊರ ತುಂಬ ಮೆರವಣಿಗೆ. ಹೆಸರು ಬರೆಸಿಕೊಳ್ಳಲು ನಮ್ಮೂರಿಗೂ ಬಂದರು. ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದರು.

“ಹಿಂದಕ ಗ್ರೀಕ್ ದೇಶದಾಗ ಒಬ್ಬ ಸಿಪಾಯಿ ಇದ್ದ. ಯುದ್ಧ ಗೆದ್ದ ಸುದ್ದಿ ತಗೊಂಡು ಊರಿಗಿ ಓಡಿದ. ಗೆದ್ದೇವಿ ಅಂದ, ಬಿದ್ದ, ಸತ್ತ. ಅವನ ನೆನಪಿಗಿ ಈ ಓಟ.”

ಹಿಂದಿನಿಂದ ಒಂದು ದನಿ ಬಂತು. “ಗೆದ್ದ ಸುದ್ದಿ ಒಯ್ದವ ಸತ್ತನೇನ್ರಿ? ನಾ ಇಪ್ಪತ್ತ್ ವರ್ಷ ಸತ್ತ ಸುದ್ದಿ ಒಯ್ದೇನಿ, ಒಂದಿನ ನೆಗಡಿ ಬಂದಿಲ್ಲ.”

ಎಲ್ಲರೂ ಘೊಳ್ಳೆಂದು ನಕ್ಕರು. ತಿರುಗಿ ನೋಡಿ, ಹೇಳಿದವನು ಅಮೋಘಸಿದ್ದ ಎಂದು ತಿಳಿದ ಕೂಡಲೇ ನಗು ನುಂಗಿಕೊಂಡರು. ಶರಫುದ್ದೀನ ಮಾಸ್ತರೊಬ್ಬರೇ ನುಂಗಲಿಲ್ಲ. “ಹಂಗಾರ ನಿನ್ನ ಹೆಸರ ಮೊದಲ ಬರಿಲಾ?” ಎಂದರು.

ಬರೆಸಿದ. ಅವನ ಹಿಂದೆ ನಾನೂ ಬರೆಸಿದೆ. ಮಾಸ್ತರನಾದವನು ಹಿಂದೆ ಉಳಿದರೆ ಮರ್ಯಾದೆ ಏನು? ಆ ಸಂಜೆ ಶಾಲೆಯ ಮೆಟ್ಟಿಲ ಮೇಲೆ ಕೂತು ಅವನು ತನ್ನ ಲೆಕ್ಕಾಚಾರ ಬಿಚ್ಚಿಟ್ಟ.

“ಮಾಸ್ತರ, ನಾ ಮೂರರೊಳಗ ಬರ್ಬೇಕ್ರಿ. ಬಾಜಾ ಬಾರಿಸ್ಕೊಂತ ಹೋದ್ರ ಯಾರರೆ ಅಂಜತಾರೇನ್ರಿ? ನನ್ನ ಮಗಳು ನನ್ನ ಮುಖ ನೋಡಿ ಒಮ್ಮೆ ನಗಬೇಕು. ಒಮ್ಮೆ ಸಾಕು.”

ನಲವತ್ತೈದಾಯಿತು, ವಯಸ್ಸಿನ ಮೇಲೆ ಜ್ಞಾನ ಇರಲಿ ಎಂದು ನಾನು ಗದರಿಸಿದೆ.

ಆ ದಿನ ಮೂವತ್ತೆಂಟು ಮಂದಿ ಸಾಲಾಗಿ ನಿಂತಿದ್ದೆವು. ಕೆಲವರದು ಬರಿಗಾಲು, ಕೆಲವರದು ಕ್ಯಾನ್ವಾಸ್ ಬೂಟು. ನನ್ನದು ಎರವಲು ತಂದ ಬೂಟು. ಅದು ಒಂದು ಅಳತೆ ದೊಡ್ಡದೆಂದು ಮುಂದಿನ ತುದಿಗೆ ಹಳೆಯ ಪೇಪರು ತುರುಕಿದ್ದೆ. ಅಮೋಘಸಿದ್ದ ಧೋತರ ಮೇಲೆತ್ತಿ ಕಟ್ಟಿ, ರುಮಾಲು ಸುತ್ತಿ, ಎದೆಗೆ ಒಂದನೆಯ ನಂಬರು ಚುಚ್ಚಿಕೊಂಡು ನಿಂತಿದ್ದ. ಸೀಟಿ ಊದಿದ ಮೇಲೆ ಅವನ ಬೆನ್ನನ್ನು ನಾವು ನೋಡಿದ್ದು ಹತ್ತು ನಿಮಿಷ ಮಾತ್ರ.

ಮೂರು ಮೈಲಿಗೆ ನನ್ನ ಹಿಮ್ಮಡಿ ಸುಲಿಯಿತು. ನಾಲ್ಕಕ್ಕೆ ಆ ಗ್ರೀಕ್ ಸಿಪಾಯಿಯನ್ನು ಬೈದೆ, ಅವನ ಹಿಂದೆಯೇ ಶರಫುದ್ದೀನ ಮಾಸ್ತರನ್ನೂ. ಇಬ್ಬರು ಓಟಗಾರರು ಹೊಲಕ್ಕೆ ಇಳಿದು ಜೋಳದ ಹಸಿ ತೆನೆ ಸುಟ್ಟು ಬೆಳಸಿ ತಿನ್ನುತ್ತಿದ್ದರು. ಒಬ್ಬ ಮಹಾಶಯ ಎತ್ತಿನ ಗಾಡಿ ಹತ್ತಿ ಕಬ್ಬಿನ ಮರೆಯಲ್ಲಿ ಕೂತು ನನ್ನನ್ನು ದಾಟಿ ಹೋದ, ಕಣ್ಣು ಬೇರೆ ಹೊಡೆದ. ಆದರೂ, ಸುಳ್ಳೇಕೆ ಹೇಳಲಿ, ಎಳೆ ಬಿಸಿಲು, ಎರಡೂ ಬದಿ ತಲೆಯೆತ್ತರ ಜೋಳ, ಮೈ ತುಂಬ ಬೆವರು. ನಾನು ಬಹಳ ಸುಖವಾಗಿದ್ದೆ.

ಚಾಂದಪಾಶಾನ ಚಹಾದ ಹೋಟೆಲಿನ ಮುಂದೆ ಏನೋ ಸರಿಯಿಲ್ಲ ಎನ್ನಿಸಿತು. ಸದಾ ಕಿರುಚುವ ರೇಡಿಯೋ ಸುಮ್ಮನಿತ್ತು. ಚಾಂದಪಾಶಾ ಹೊರಗೆ ಬಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದ.

“ಮಾಸ್ತರ, ಅಮೋಘಸಿದ್ದ ಓಡಿ ಹೋದನ್ರಿ. ಈ ಸಲ ಪಾಪ ಅವನ ಮನ್ಯಾಗೇ ಆಗ್ಯದ ಅನಸ್ತದ. ‘ರೇಡಿಯೋ ಹಚ್ಚೋ ಪಾಶಾ, ಯಾರೂ ಸತ್ತಿಲ್ಲ’ ಅಂತ ಒದರ್ಕೊಂತ ಹೋದ. ತಲಿ ಕೆಟ್ಟದ.”

ಆಗ ನನಗೆ ಹೊಳೆಯಿತು. ಡಂಗುರ ಸಾರಿದ್ದರು ನಿಜ, ಆದರೆ ಓಟವೆಂದರೆ ಚಡ್ಡಿ ತೊಟ್ಟ ಹುಡುಗರದ್ದು ಎಂದು ಹಳ್ಳಿಯವರು ತಿಳಿದಿದ್ದರು. ಎಲ್ಲರಿಗಿಂತ ಮುಂದೆ, ಒಬ್ಬನೇ, ರುಮಾಲು ಸುತ್ತಿ ಅಮೋಘಸಿದ್ದ ಓಡಿ ಬಂದರೆ ಅವರು ಇನ್ನೇನು ತಿಳಿಯಬೇಕು? ಅವನು ಹಿಂದೆ ಬಿದ್ದಿದ್ದರೆ ಬಚಾವಾಗುತ್ತಿದ್ದ. ಮುಂದಿದ್ದದ್ದೇ ಕೆಟ್ಟಿತು. ಒಂದೊಂದು ಊರಲ್ಲೂ ಅಂಗಡಿಗಳು ಅರ್ಧ ಬಾಗಿಲು ಹಾಕಿಕೊಂಡಿದ್ದವು.

ಬನ್ನಿಹಾಳದಲ್ಲಿ ಗುರುಬಾಯಿ ಎಂಬ ಮುದುಕಿ ಇದ್ದಳು. ನಮ್ಮೂರಿನ ಮಲ್ಲಣ್ಣ ಸಾಹುಕಾರರ ತಂಗಿ. ಅಣ್ಣನಿಗೆ ಸಂಕ್ರಮಣದಿಂದ ಎದೆನೋವು ಎಂದು ಅವಳ ಜೀವ ಮೊದಲೇ ಕೈಯಲ್ಲಿತ್ತು. ಅಮೋಘಸಿದ್ದ ತಲೆ ತಗ್ಗಿಸಿ ಅವಳ ಮನೆಯನ್ನು ದಾಟಿದನಂತೆ. ಹಿಂದೆ ಮುದುಕಿಯ ಕೂಗು ಕೇಳಿತಂತೆ: “ಅಣ್ಣಾ! ನನ್ನ ಬಿಟ್ಟು ಹೋದಿ ಏನೋ!” ಇನ್ನೂ ಐವತ್ತು ಹೆಜ್ಜೆ ಓಡಿದನಂತೆ. ಅವನ ಹಿಂದಿನವನು ಆಗ ಒಂದು ಮೈಲಿ ದೂರ. ಮುಂದೆ ಘತ್ತರಗಿ, ಬಾಜಾ, ಮಗಳು. ಅಮೋಘಸಿದ್ದ ನಿಂತ. ಆಮೇಲೆ ತಿರುಗಿ ಬಂದ.

ನಾನು ಒಂಬತ್ತನೆಯವನಾಗಿ ಅಲ್ಲಿಗೆ ಕುಂಟುತ್ತ ಮುಟ್ಟಿದಾಗ ಗಾಡಿ ಹೂಡಿದ್ದರು. ಊರ ಹೆಂಗಸರು ಸೇರಿದ್ದರು. ಗುರುಬಾಯಿ ಅಂಗಳದಲ್ಲಿ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. ಅಮೋಘಸಿದ್ದ ಹೊಸ್ತಿಲ ಆಚೆ, ರೂಢಿಯಂತೆ ನೆಲ ನೋಡುತ್ತ ನಿಂತು ಗೋಗರೆಯುತ್ತಿದ್ದ.

“ಏನೂ ಆಗಿಲ್ರಿ ಅವ್ವಾರ. ಸಾಹುಕಾರ್ರು ಆರಾಮ ಅದಾರ. ಮುಂಜಾನಿ ಚಾದಾಗ ಸಕ್ಕರಿ ಕಡಿಮಿ ಆಗ್ಯದಂತ ಸೊಸಿಗಿ ಬೈಯಾಕತ್ತಿದ್ರು.”

“ಹೋಗೋ ಮುಂದ ಎಲ್ಲಾರಿಗೂ ಬಾಯಿ ಸಿಹಿ ಬೇಡ್ತದಪ್ಪಾ” ಎಂದು ಗುರುಬಾಯಿ ಮತ್ತಷ್ಟು ಅತ್ತಳು. “ನನ್ನ ಗಂಡ ಜೇವರ್ಗಿ ಸಂತ್ಯಾಗ ಬಿದ್ದಾಗನೂ ನೀ ಹಿಂಗೇ ಅಂದಿದ್ದಿ. ಏನಿಲ್ರಿ ಅವ್ವಾರ ಅಂದಿದ್ದಿ.”

ನಾನು ನಡುವೆ ಬಾಯಿ ಹಾಕಿದೆ. “ಅವ್ವಾರ, ಇದು ಓಟದ ಸ್ಪರ್ಧಾ ಅದ. ನೋಡ್ರಿ, ನನಗೂ ನಂಬರ್ ಹಚ್ಚ್ಯಾರ. ಹಿಂದ ಇನ್ನೂ ಮಂದಿ ಓಡಿ ಬರಾಕತ್ತಾರ.”

ಅವಳು ರಸ್ತೆಯ ಕಡೆ ನೋಡಿದಳು. ಬೆವರು ಒರೆಸಿಕೊಳ್ಳುತ್ತ ನಾಲ್ಕೈದು ಮಂದಿ ಓಡಿ ಬರುತ್ತಿದ್ದರು. ಅವಳು ಎರಡೂ ಕೈಯಿಂದ ಹಣೆ ಬಡಿದುಕೊಂಡಳು. “ಅಯ್ಯ ನಮ್ಮವ್ವಾ! ಇಷ್ಟು ಮಂದಿ ಓಡಾಕತ್ತಾರಂದ್ರ ಎಷ್ಟು ಮಂದಿ ಹೋಗ್ಯಾರೋ!”

ನನ್ನ ಸಿಟ್ಟು ನೆತ್ತಿಗೇರಿತು. ಏನಾದರೂ ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಮುದುಕಿ ಅಳು ನಿಲ್ಲಿಸಿ, ಮೂಗು ಒರೆಸಿಕೊಂಡು, ಅಮೋಘಸಿದ್ದನನ್ನು ದಿಟ್ಟಿಸಿದಳು.

“ಖರೆ ಹೇಳಾಕತ್ತಿದ್ರ ಒಳಗ ಬಾ. ಕುಂದ್ರು. ಉಣ್ಣು.”

ಅಮೋಘಸಿದ್ದ ಮುಖ ಎತ್ತಿ ಒಮ್ಮೆ ಅವಳನ್ನು ನೋಡಿದ, ಒಮ್ಮೆ ರಸ್ತೆಯನ್ನು. ಕೂತರೆ ಓಟ ಕೈಬಿಟ್ಟಂತೆಯೇ. ಆದರೆ ಆ ಮುದುಕಿಯ ಮಾತಿಗೆ ಬೇರೆ ಉತ್ತರವೇ ಇರಲಿಲ್ಲ. ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ಉಣ್ಣುವುದು ಈ ಸೀಮೆಯಲ್ಲಿ ಹುಟ್ಟಿದವನಿಂದ ಆಗದ ಕೆಲಸ.

“ಮಾಸ್ತರ, ಓಟದಾಗ ಉಂಡ್ರ ನಡೀತದೇನ್ರಿ?” ಎಂದ ಮೆಲ್ಲಗೆ.

“ರೂಲ್ಸಿನಾಗ ಬ್ಯಾಡಂತ ಎಲ್ಲೂ ಬರೆದಿಲ್ಲ” ಎಂದೆ.

ಅವನು ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಸಂಕ್ರಮಣದ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಉಳಿದಿದ್ದವು. ಮೊದಲನೆಯದನ್ನು ತಿಂದ. “ಒಂದು ತಿಂದ್ರ ಮುಲಾಜಿಗಿ ತಿಂದಂಗ” ಎಂದು ಮುದುಕಿ ಎರಡನೆಯದು ಹಾಕಿದಳು, ತುಪ್ಪ ಸುರಿದಳು. ಎರಡನೆಯದಕ್ಕೆ ಅವಳು ಅವನ ಎದುರು ಕೂತಳು. ಮೂರನೆಯದಕ್ಕೆ ಕೂದಲು ಗಂಟು ಹಾಕಿಕೊಂಡಳು. ಹೊರಗೆ ಒಬ್ಬೊಬ್ಬರೇ ಓಟಗಾರರು ದಾಟಿ ಹೋಗುವ ಸಪ್ಪಳ ಕೇಳುತ್ತಿತ್ತು; ಒಂದೊಂದು ಸಪ್ಪಳಕ್ಕೂ ಅಮೋಘಸಿದ್ದ ಅಗಿಯುವುದನ್ನು ನಿಲ್ಲಿಸಿ ಮತ್ತೆ ಅಗಿಯುತ್ತಿದ್ದ. ನಾಲ್ಕನೆಯದಕ್ಕೆ ಹಾಲು ಸುರಿದಾಗ ಬಟ್ಟಲು ತುಂಬಿ ಅವನ ಧೋತರದ ಮೇಲೆ ಚೆಲ್ಲಿತು. ಗುರುಬಾಯಿ ನಕ್ಕಳು. ಬೊಚ್ಚುಬಾಯಿ ತೆರೆದು, ಕಣ್ಣಲ್ಲಿ ಇನ್ನೂ ನೀರಿರುವಾಗಲೇ ನಕ್ಕಳು. ಅವನ ಎದುರು ಕೂತು ಯಾರಾದರೂ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಗಾಡಿಯ ಎತ್ತು ಬಿಚ್ಚಿದರು.

ನನಗೂ ಒಂದು ಹೋಳಿಗೆ ಸಿಕ್ಕಿತು. ಸಾಕ್ಷಿಗೆ ಅಷ್ಟೇ ಕೂಲಿ.

ಐದನೆಯದನ್ನು ಕೈಯಲ್ಲಿ ಹಿಡಿದು ಅವನು ನನ್ನನ್ನು ಕರೆದ. “ಮಾಸ್ತರ, ನೀವು ನಡೀರಿ. ಈ ಹೊಟ್ಟಿ ಹೊತ್ಕೊಂಡು ನನಗ ಇನ್ನ ಓಡಾಕಾಗಂಗಿಲ್ಲ. ನಾ ಮುಟ್ಟೋದ್ರಾಗ ಬಾಜಾ ಮುಗ್ದಿರ್ತದ. ಒಬ್ಬನೇ ಬರೋದ್ ನೋಡಿ ಕಾಶಿ ಮತ್ತ ಅಂಜತಾಳ. ಮೊದಲ ಹೋಗಿ ಅಕಿಗಿ ಹೇಳ್ರಿ.”

ನಾನು ಓಡಿದೆ. ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ. ಬೂಟು ಕಿತ್ತು ಕೈಯಲ್ಲಿ ಹಿಡಿದೆ. ಹಿಮ್ಮಡಿಯ ಗುಳ್ಳೆ ಒಡೆಯಿತು, ಒಡೆಯಲಿ ಎಂದೆ. ಏಳು ಮಂದಿಯನ್ನು ಹಿಂದೆ ಹಾಕಿದೆ. ಗಾಡಿಯಲ್ಲಿ ಬಂದ ಮಹಾಶಯನನ್ನೂ ಹಾಕಿದೆ, ಕಣ್ಣು ಹೊಡೆದೆ. ಘತ್ತರಗಿಯ ಗುಡಿಯ ಮುಂದೆ ದಾರ ಕಟ್ಟಿ, ಕುರ್ಚಿ ಹಾಕಿ, ರಜಿಸ್ಟರ್ ಹಿಡಿದು ಶರಫುದ್ದೀನ ಮಾಸ್ತರು ಕೂತಿದ್ದರು. “ಸಹಿ! ಗುರಣ್ಣ, ಸಹಿ!” ಎಂದು ಕೂಗಿದರು. ನಾನು ನಿಲ್ಲದೆ ಅವರ ಮುಂದೆಯೇ ಹಾದು ಓಣಿಗೆ ನುಗ್ಗಿದೆ. ಆ ರಜಿಸ್ಟರಿನಲ್ಲಿ ಇವತ್ತಿಗೂ ನನ್ನ ಹೆಸರಿನ ಮುಂದೆ ‘ಕಾಣೆ’ ಎಂದಿದೆ.

ಕಾಶಿಬಾಯಿ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಬೆವರಿಳಿಯುವ ಗಂಡಸೊಬ್ಬ ಬರಿಗಾಲಲ್ಲಿ ಓಡಿ ಬಂದು ಎದುರು ನಿಂತ. ಅಪ್ಪನ ಊರಿನ ಮಾಸ್ತರ. ಅವಳ ಮುಖ ಬಿಳಿಚಿತು.

“ಯಾರ್ರೀ?” ಎಂದಳು.

ನಾನು ದೊಡ್ಡ ಓದಿದವನು, ಏಳು ವರ್ಗಕ್ಕೆ ಪಾಠ ಹೇಳುವವನು. ಏದುಸಿರಿನ ನಡುವೆ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? “ಏನಿಲ್ರಿ ತಂಗಿ, ಏನಿಲ್ಲ.”

ಮೊರ ಜಾರಿತು, ಬೇಳೆ ಅಂಗಳದ ತುಂಬ ಚೆಲ್ಲಿತು. ಅವಳು ಬಾಯಿ ತೆರೆಯುವುದರೊಳಗೆ ನಾನು ಕಿರುಚಿದೆ: “ಹೋಳಿಗಿ! ನಿಮ್ಮಪ್ಪ ಹೋಳಿಗಿ ತಿನ್ನಾಕತ್ತಾನ!”

“ಎಲ್ಲಿ?”

“ಬನ್ನಿಹಾಳದಾಗ. ಗುರುಬಾಯಿ ಅವ್ವಾರ ಮನ್ಯಾಗ.”

“ಒಳಗ?”

“ಒಳಗ. ಪಡಸಾಲ್ಯಾಗ ಕುಂತು. ತುಪ್ಪ ಹಾಕ್ಕೊಂಡು, ಹಾಲು ಹಾಕ್ಕೊಂಡು.”

“ಕುಂತು?” ಎಂದು ಅವಳು ಇನ್ನೊಮ್ಮೆ ಕೇಳಿದಳು. ಅಪ್ಪ ಬೇರೆಯವರ ಮನೆಯಲ್ಲಿ ಕೂತದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಾನು ಓಟದ ಕತೆಯನ್ನೂ ಮುದುಕಿಯ ಕತೆಯನ್ನೂ ಹೇಳಿದೆ. ಅವಳು ಚೆಲ್ಲಿದ ಬೇಳೆಯ ನಡುವೆ ಕೂತು ಕೇಳಿದಳು. ಕೇಳಿ ಮುಗಿದ ಮೇಲೆ ಬೇಳೆ ಎತ್ತಲಿಲ್ಲ. ನೇರ ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮಧ್ಯಾಹ್ನ ಬಿಸಿಲು ಇಳಿಮುಖವಾಗುವ ಹೊತ್ತಿಗೆ ಬಹುಮಾನ ಕೊಟ್ಟಾಗಿತ್ತು. ಬಾಜಾದವರು ಉಂಡು ಬೇವಿನ ಮರದಡಿ ಮಲಗಿದ್ದರು. ಕೊನೆಯವನು ಬರುವವರೆಗೆ ಏಳುವುದಿಲ್ಲ ಎಂದು ಶರಫುದ್ದೀನ ಮಾಸ್ತರು ಮಾತ್ರ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಾಶಿಬಾಯಿ ದಾರದ ಹತ್ತಿರ ನಿಂತಿದ್ದಳು, ಪಕ್ಕದಲ್ಲಿ ನಾನು.

ದೂರದಲ್ಲಿ ರುಮಾಲು ಕಂಡಿತು. ನಾಲ್ಕು ಹೆಜ್ಜೆ ಓಟ, ನಾಲ್ಕು ಹೆಜ್ಜೆ ನಡಿಗೆ, ಒಂದು ಕೈ ಹೊಟ್ಟೆಯ ಮೇಲೆ. ಹತ್ತಿರ ಬಂದವನು ಮಗಳನ್ನು ಕಂಡ. ಕಂಡವನೇ ಇಪ್ಪತ್ತು ಹೆಜ್ಜೆ ಆಚೆಗೇ ನಿಂತುಬಿಟ್ಟ. ಕೊನೆಗೆ ಹಳೆಯ ರೂಢಿಯೇ ಗೆದ್ದಿತು. ಅವನು ನೆಲ ನೋಡತೊಡಗಿದ. ತಲೆ ಎತ್ತೋ ಮಾರಾಯ ಎಂದು ನನಗೆ ಒದರಬೇಕೆನ್ನಿಸಿತು.

ಕಾಶಿಬಾಯಿ ನನಗಿಂತ ಮೊದಲು ಒದರಿದಳು.

“ಅಪ್ಪಾ! ಎಷ್ಟು ಹೋಳಿಗಿ ತಿಂದಿ?”

ಅವನು ತಲೆ ಎತ್ತಿದ. ಮಾತಾಡಲು ಉಸಿರಿರಲಿಲ್ಲ. ಬಲಗೈ ಮೇಲೆತ್ತಿ ಐದೂ ಬೆರಳು ಬಿಚ್ಚಿ ತೋರಿಸಿದ.

“ಹಂಗಾರ ನನ್ನ ಮನ್ಯಾಗ ಆರು. ಬಾ!” ಎಂದು ಅವಳು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. ಅಮೋಘಸಿದ್ದ ಅದನ್ನು ನೋಡುತ್ತ ನಿಂತ. ಆಮೇಲೆ ಓಡಿದ. ಆ ಇಪ್ಪತ್ತು ಹೆಜ್ಜೆಯನ್ನು ಆ ದಿನ ಮೊದಲ ಬಹುಮಾನ ಗೆದ್ದವನೂ ಅಷ್ಟು ಜೋರಾಗಿ ಓಡಿರಲಿಕ್ಕಿಲ್ಲ. ಶರಫುದ್ದೀನ ಮಾಸ್ತರು ಎಚ್ಚರಾಗಿ ಸೀಟಿ ಊದಿದರು, ಸೀಟಿಗೆ ಬಾಜಾದವನೊಬ್ಬ ಗಾಬರಿಯಿಂದ ಕಣ್ಣು ಬಿಟ್ಟು ಮಲಗಿದ್ದಲ್ಲೇ ಸನಾದಿ ಊದಿದ. ನಾನು ಅತ್ತೆ. ಅದನ್ನು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಮಗಳ ಮನೆಯಲ್ಲಿ ಆರು ತಿನ್ನಲು ಅವನಿಂದಾಗಲಿಲ್ಲ, ಎರಡಕ್ಕೇ ಕೈ ಮುಗಿದ. ಉಳಿದ ನಾಲ್ಕನ್ನು ಕಾಶಿಬಾಯಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. “ಇನ್ನ ಮ್ಯಾಲ ಸುಮ್ಮ ಬರಾಗ ತಿನ್ಕೊಂತ ಬಾ ಅಪ್ಪಾ. ನಾ ದೂರಿಂದ ನೋಡಿ ತಿಳ್ಕೋತೇನಿ” ಎಂದಳು.

ಮುಂದೆ ಏಳೆಂಟು ವರ್ಷ, ನಮ್ಮ ಕಡೆ ಫೋನು ಬರುವವರೆಗೆ, ಅವನು ಸಾವಿನ ಸುದ್ದಿ ಒಯ್ಯುವುದು ತಪ್ಪಲಿಲ್ಲ. ಯಾರಾದರೂ ಒಯ್ಯಲೇಬೇಕಲ್ಲ. ಆದರೆ ಸುದ್ದಿಯಿಲ್ಲದೆ ಹೊರಟ ದಿನ ಅವನ ಕೈಯಲ್ಲಿ ಒಂದು ರೊಟ್ಟಿ ಚೂರು ಇರುತ್ತಿತ್ತು, ದಾರಿಯುದ್ದಕ್ಕೂ ಬಾಯಿ ಆಡುತ್ತಿತ್ತು. ಹಲ್ಲು ಬಿದ್ದ ಮೇಲೆ ಬೆಲ್ಲ ಚೀಪುತ್ತಿದ್ದ. ಅವನು ಅಗಿಯುತ್ತ ಬರುವುದು ಕಂಡರೆ ಊರಿನ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಅವನ ಪಾಲಿನದೂ ಒಂದು ಬಡಿಯುತ್ತಿದ್ದರು.